ಹೀಗೆ ಹೋಗಿ ಹಾಗೆ ಬರ್ತೀವಿ

ಇದು ನನ್ನ ದೊಡ್ಡಮ್ಮನ ಮಗಳಿಗೆ ಆದದ್ದು. ಅವಳ ಬಾಯಿಂದ ನಾನೇ ಕೇಳಿದ್ದು, ಮಧ್ಯೆ ಇನ್ನೊಬ್ಬರ ನಾಲಿಗೆ ಸೇರಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಅವು ಮಲಗಿದ ಮೇಲೆ ಓದಿ. ಅಕ್ಕ ನನಗೆ ಹೇಳಿದ್ದೂ ಹಾಗೆಯೇ... ಅಡುಗೆಮನೆಯ ನೆಲದ ಮೇಲೆ ಕೂತು, ಬಾಗಿಲು ಮುಂದೆ ಮಾಡಿ, ಪಿಸುಮಾತಿನಲ್ಲಿ.

ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು. ಅಕ್ಕ, ಭಾವ, ಐದು ವರ್ಷದ ಮಗಳು, ಮೂವರೂ ಕಡಲ ದಂಡೆಯ ಒಂದು ಪುಟ್ಟ ಊರಿನಿಂದ ಕಾರಿನ ಕಡೆಗೆ ನಡೆದು ಬರುತ್ತಿದ್ದರು. ರಸ್ತೆಯ ಪಕ್ಕದಲ್ಲೇ ಒಂದು ದೊಡ್ಡ ಮರ. ಮರದ ಕೆಳಗೆ ಬಾವಿ. ಬಾವಿಯ ಕಡೆಯಿಂದ ಸದ್ದು ಬರುತ್ತಿತ್ತು.

ಕಿರ್ರ್... ಕಿರ್ರ್... ಟಕ್.

ಕಿರ್ರ್... ಕಿರ್ರ್... ಟಕ್.

ರಾಟೆಯ ಸದ್ದು. ಯಾರೋ ನೀರು ಸೇದುತ್ತಿದ್ದರು. ಅಕ್ಕನಿಗೆ ಎಷ್ಟೋ ಸಮಾಧಾನವಾಯಿತಂತೆ. ಯಾಕೆಂದರೆ ಅಷ್ಟು ಹೊತ್ತು ಆ ಊರಿನಲ್ಲಿ ಸುತ್ತಾಡಿದರೂ ಅವರಿಗೆ ಒಂದೇ ಒಂದು ನರಪಿಳ್ಳೆ ಸಿಕ್ಕಿರಲಿಲ್ಲ.

ಅಲ್ಲಿಗೆ ಯಾಕೆ ಹೋಗಿದ್ದರು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಭಾವ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಬೆಳಗಿನಿಂದ ಸಂಜೆಯವರೆಗೆ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿ ಇರುವ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, "ಕ್ಲಚ್ ಬಿಡಿ, ಮೆತ್ತಗೆ ಬಿಡಿ, ಅಯ್ಯೋ ಮೆತ್ತಗೆ" ಎಂದು ಗಂಟಲು ಹರಿದುಕೊಳ್ಳುವ ಕೆಲಸ. ಅಂಥವರಿಗೆ ಒಂದು ಭಾನುವಾರ ಬಿಡುವು ಸಿಕ್ಕರೆ ಏನು ಮಾಡಬೇಕು? ಹೊದ್ದು ಮಲಗಬೇಕು. ಇವರು ಕಾರು ಓಡಿಸಲು ಹೊರಟರು. ಒಂದು ಕಡೆ ಬೆಟ್ಟ, ಒಂದು ಕಡೆ ಸಮುದ್ರ, ಮಧ್ಯೆ ಹಾವಿನ ಹಾಗೆ ರಸ್ತೆ. ಫೋಟೋ ನೋಡಿದವರೆಲ್ಲ ಬಾಯಿ ಬಿಟ್ಟುಕೊಂಡು ಹೋಗಿಬರುವ ರಸ್ತೆಯಂತೆ ಅದು. ಮದುವೆಯಾಗಿ ಏಳು ವರ್ಷಕ್ಕೆ ಮೊದಲ ಸಲ ಹೆಂಡತಿಯನ್ನು ತಿರುಗಾಡಿಸಬೇಕು ಅನ್ನುವ ಜ್ಞಾನ ಹುಟ್ಟಿತ್ತು, ಪಾಪ.

ಸ್ವಂತ ಕಾರು ಎಲ್ಲಿಂದ ಬರಬೇಕು? ಸ್ಕೂಲಿನ ಕಾರನ್ನೇ ತಲೆಯ ಮೇಲಿನ ಬೋರ್ಡು ಬಿಚ್ಚಿಟ್ಟು ತಂದಿದ್ದರು. ಹಾಗಾಗಿ ಎರಡನೇ ಬ್ರೇಕು ಈಗ ಅಕ್ಕನ ಕಾಲಡಿ.

"ಅದರ ಮೇಲೆ ಮಾತ್ರ ಕಾಲಿಡಬೇಡ ಮಾರಾಯ್ತಿ" ಎಂದು ಭಾವ ಹೊರಡುವಾಗಲೇ ಕೈಮುಗಿದಿದ್ದರು.

"ನಿಮ್ಮ ಬಾಯಿಗೂ ಇಂಥದ್ದೊಂದು ಹಾಕಿಸಿದ್ರೆ ನಾನು ನೆಮ್ಮದಿಯಾಗಿರ್ತಿದ್ದೆ" ಎಂದಳು ಅಕ್ಕ.

ಹಿಂದಿನ ಸೀಟಿನಲ್ಲಿ ಮಗಳು. ಅವಳನ್ನು ನಾವೆಲ್ಲ ರೇಡಿಯೋ ಅಂತಲೇ ಕರೆಯುವುದು. ಎದ್ದಾಗ ಶುರುವಾದರೆ ಮಲಗಿದಾಗಲೇ ನಿಲ್ಲುವುದು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ರಸ್ತೆಯ ಒಂದು ತಿರುವಿನಲ್ಲಿ ಆ ಊರು ಕಂಡಿತು. ಊರು ಅಂದರೆ ಹನ್ನೊಂದು ಮನೆ. ಬಿಳಿ ಗೋಡೆ, ನೀಲಿ ಬಾಗಿಲು, ಮರಳಿನ ಮೇಲೆ ಬೋರಲು ಹಾಕಿದ ದೋಣಿಗಳು. ಭಾವ ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸಿ, "ಇಳೀರಿ, ಇದಕ್ಕೇ ಬಂದಿದ್ದು" ಎಂದರು.

ಹತ್ತು ಮನೆಯ ಬಾಗಿಲುಗಳು ಹಾರು ಹೊಡೆದಿದ್ದವು. ಒಳಗೆ ಗುಡಿಸಿದ ನೆಲ, ಒರಸಿದ ಪಾತ್ರೆ, ಮಡಿಸಿಟ್ಟ ಹಾಸಿಗೆ. ಅಕ್ಕ ಹೊಲಿಗೆಯವಳು, ಎಲ್ಲಿ ಹೋದರೂ ಮೊದಲು ಬಟ್ಟೆ ನೋಡುತ್ತಾಳೆ. ಅಂಗಳಗಳಲ್ಲಿ ತಂತಿ ಕಟ್ಟಿತ್ತು. ತಂತಿಯ ತುಂಬ ಕ್ಲಿಪ್ಪುಗಳು. ಬಟ್ಟೆ ಮಾತ್ರ ಒಂದೂ ಇರಲಿಲ್ಲ. ನಾಯಿ ಇಲ್ಲ, ಕೋಳಿ ಇಲ್ಲ. ಅಲೆ ಹಿಂದಕ್ಕೆ ಸರಿಯುವಾಗ ಸಣ್ಣ ಕಲ್ಲುಗಳನ್ನು ಎಳೆದುಕೊಂಡು ಹೋಗುವ ಸದ್ದು, ಝರ್ರ್... ಝರ್ರ್... ಅಷ್ಟೇ.

"ಎಲ್ಲ ಎಲ್ಲೋ ಮದುವೆಗೆ ಹೋಗಿರಬೇಕು" ಎಂದರು ಭಾವ.

"ಬಾಗಿಲು ತೆಗೆದಿಟ್ಟೇ?"

"ಒಳ್ಳೇ ಜನ ಇರಬೇಕು ಬಿಡೇ. ಎಲ್ಲರೂ ನಿನ್ನ ತಮ್ಮನ ಹಾಗಿರ್ತಾರಾ?"

ಫೋಟೋ ತೆಗೆದುಕೊಂಡರು, ಮರಳಿನಲ್ಲಿ ಆಡಿದರು. ಹೊತ್ತು ಸರಿದದ್ದೇ ತಿಳಿಯಲಿಲ್ಲ. ಹೊರಟು ಬರುವಾಗಲೇ ಆ ರಾಟೆಯ ಸದ್ದು ಕೇಳಿದ್ದು.

ಬಾವಿಯ ಹತ್ತಿರ ಒಬ್ಬ ಮುದುಕಿ ಇದ್ದಳು. ಬೆನ್ನು ಇವರ ಕಡೆ. ಬಾವಿಗೆ ಎದುರಾಗಿ ಹನ್ನೊಂದನೆಯ ಮನೆ. ಅದೊಂದೇ ಮನೆಯ ಬಾಗಿಲು ಮುಚ್ಚಿತ್ತು.

"ಅಜ್ಜಿ, ನನಗೆ ನೀರು" ಎಂದಿತು ರೇಡಿಯೋ. ಸಂಕೋಚ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ.

ಮುದುಕಿ ಕೊಡ ಬಗ್ಗಿಸಿದಳು. ಮಗು ಬೊಗಸೆ ಒಡ್ಡಿ ಕುಡಿಯಿತು. ಭಾವ ಕುಡಿದರು. ಅಕ್ಕನೂ ಕುಡಿದಳು. ಸಮುದ್ರ ಅಷ್ಟು ಹತ್ತಿರ ಇದ್ದರೂ ನೀರಿಗೆ ಉಪ್ಪಿನ ಸೋಂಕಿರಲಿಲ್ಲ.

"ಇಲ್ಲಿ ನೀವೊಬ್ಬರೇ ಇರೋದಾ ಅಜ್ಜಿ?" ಎಂದು ಅಕ್ಕ ಕೇಳಿದಳು.

"ಸದ್ಯಕ್ಕೆ."

ಆ ಉತ್ತರ ಅಕ್ಕನಿಗೆ ಯಾಕೋ ಸರಿಬರಲಿಲ್ಲ. ಮಗುವಿನ ಕೈ ಹಿಡಿದಳು. ಹೊರಡುವಾಗ ನಾವೆಲ್ಲ ಏನನ್ನುತ್ತೇವೋ ಅದನ್ನೇ ಅಂದಳು.

"ಬರ್ತೀವಿ ಅಜ್ಜಿ."

ರಾಟೆ ನಿಂತಿತು.

"ಬರ್ತೀರಾ?"

"ಹ್ಞೂಂ, ಬರ್ತೀವಿ."

"ಎಷ್ಟು ಜನ?"

ಅಕ್ಕನಿಗೆ ನಗು ಬಂತು. "ಮೂರು ಜನಾನೂ."

"ಯಾವಾಗ?"

ಇಲ್ಲಿ ನಮ್ಮ ಭಾವನ ಬಾಯಿ ಸುಮ್ಮನಿರಬೇಕಿತ್ತು. ಇರಲಿಲ್ಲ. ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ, "ಹೀಗೆ ಹೋಗಿ ಹಾಗೆ ಬರ್ತೀವಿ ಅಜ್ಜಿ" ಎಂದರು.

ಮುದುಕಿ ತಲೆ ಅಲ್ಲಾಡಿಸಿದಳು. ಸರಿ, ಗೊತ್ತಾಯಿತು ಅನ್ನುವ ಹಾಗೆ. ಮತ್ತೆ ಕಿರ್ರ್... ಕಿರ್ರ್... ಟಕ್.

ಕಾರು ಹೊರಟಿತು. ಬಲಗಡೆ ಸಮುದ್ರ, ಎಡಗಡೆ ಬೆಟ್ಟ. ರಸ್ತೆಯಲ್ಲಿ ಎದುರು ಗಾಡಿಯೂ ಇಲ್ಲ, ಹಿಂದೆ ಗಾಡಿಯೂ ಇಲ್ಲ. ಹತ್ತು ನಿಮಿಷ ಹೋಗಿರಬಹುದು. ಗಾಜು ಏರಿಸಿತ್ತು. ಆದರೂ ಅಕ್ಕನ ಕಿವಿಗೆ ಬಿತ್ತು.

ಕಿರ್ರ್... ಕಿರ್ರ್... ಟಕ್.

"ರೀ, ಕಾರಲ್ಲಿ ಏನೋ ಸದ್ದು."

"ಕಾರಲ್ಲಲ್ಲ" ಎಂದರು ಭಾವ. ಅವರ ದನಿ ಸಣ್ಣದಾಗಿತ್ತು.

ತಿರುವು ದಾಟಿದರೆ ದೊಡ್ಡ ಮರ. ಬಾವಿ. ಮುದುಕಿಯ ಬೆನ್ನು. ಎದುರಿನ ಮನೆಯ ಬಾಗಿಲು ಒಂದು ಗೇಣು ತೆರೆದಿತ್ತು. ಒಳಗೆ ದೀಪ.

"ಎಲ್ಲೋ ತಿರುವು ತಪ್ಪಿದೆ" ಎಂದರು ಭಾವ.

"ಇರೋದೇ ಒಂದು ರಸ್ತೆ ರೀ. ತಪ್ಪೋಕೆ ಇನ್ನೊಂದು ಬೇಡ್ವಾ?"

ಭಾವ ಕಾರು ಹಿಂದೆ ತಿರುಗಿಸಿದರು. ಬಂದ ದಾರಿಯಲ್ಲೇ ವಾಪಸು ಹೋದರೆ, ಬರುವಾಗ ಕಂಡಿದ್ದ ಪೆಟ್ರೋಲ್ ಬಂಕು ಸಿಗಲೇಬೇಕು. ಈಗ ಸಮುದ್ರ ಎಡಗಡೆ. ಫೋನು ತೆಗೆದು ಮ್ಯಾಪು ನೋಡಿದರೆ ನೀಲಿ ಚುಕ್ಕಿ ನೀರಿನ ಮಧ್ಯೆ ನಿಂತಿತ್ತು. ಅಕ್ಕ ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡಳು.

ಮತ್ತೆ ಹತ್ತು ನಿಮಿಷ.

ಕಿರ್ರ್... ಕಿರ್ರ್... ಟಕ್.

ಈ ಸಲ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ನೆಲದ ಮೇಲೆ ಮೂರು ತಟ್ಟೆ. ಮೂರು ಲೋಟ. ಒಂದು ಲೋಟ ಚಿಕ್ಕದು. ಕಾರು ಬಾವಿಯ ಪಕ್ಕ ಹಾಯುವಾಗ ಮುದುಕಿ ತಿರುಗಲಿಲ್ಲ, ಕೂಗಲಿಲ್ಲ. ಆದರೂ ಏರಿಸಿದ ಗಾಜಿನೊಳಗೆ, ಅಕ್ಕನ ಕಿವಿಯ ಪಕ್ಕದಲ್ಲೇ ಅಂದ ಹಾಗೆ ಕೇಳಿತು.

"ಬಂದ್ರಾ?"

ಭಾವ ಆಕ್ಸಿಲರೇಟರ್ ಒತ್ತಿದರು. ದಿನಾ ಊರಿಗೆಲ್ಲ ನಿಧಾನ, ನಿಧಾನ ಅನ್ನುವ ಮನುಷ್ಯ ಅಂಥ ತಿರುವುಗಳಲ್ಲಿ ಟೈರು ಕಿರುಚುವ ಹಾಗೆ ಓಡಿಸಿದರಂತೆ. ಹಿಂದಿನಿಂದ ರೇಡಿಯೋ ಶುರುವಾಯಿತು.

"ಅಮ್ಮ, ಅಜ್ಜಿ ನಮಗೇ ಕಾಯ್ತಿದ್ದಾರೆ ಅಲ್ವಾ?"

"ಸುಮ್ನಿರು."

"ನಾವೇ ತಾನೆ ಬರ್ತೀವಿ ಅಂದಿದ್ದು? ಹೀಗೆ ಹೋಗಿ ಹಾಗೆ ಬರ್ತೀವಿ ಅಂದ್ರಲ್ಲ ಅಪ್ಪ. ಅದಕ್ಕೇ ಬರ್ತಾ ಇದೀವಿ."

ಅಕ್ಕ ಸೀಟಿನಲ್ಲೇ ತಿರುಗಿ ಮಗುವಿನ ಮುಖ ನೋಡಿದಳು.

ನೋಡಿ, ಮನೆಯಿಂದ ಹೊರಡುವಾಗ ನಮ್ಮಲ್ಲಿ ಯಾರು "ಹೋಗ್ತೀನಿ" ಅನ್ನುತ್ತಾರೆ? ಹಾಲಿನವನೂ "ಬರ್ತೀನಿ ಅಕ್ಕ" ಅನ್ನುತ್ತಾನೆ. ಜಗಳ ಆಡಿ, ಮುಖ ಊದಿಸಿಕೊಂಡು ಎದ್ದು ಹೋಗುವ ನಾದಿನಿ ಕೂಡ ಹೊಸ್ತಿಲಲ್ಲಿ "ಬರ್ತೀನಿ" ಅಂದೇ ಹೋಗುತ್ತಾಳೆ, ಬರದಿದ್ದರೆ ಸಾಕಪ್ಪ ಎಂದು ಒಳಗಿನವರು ಅಂದುಕೊಂಡಿದ್ದರೂ. ಅದು ಬರುವ ಮಾತಲ್ಲ, ಹೋಗುವ ಮಾತು. ನಮಗೆಲ್ಲ ಗೊತ್ತು. ಆ ಮುದುಕಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದೂ... ಅದು ಬೇಡ ಬಿಡಿ.

"ರೀ, ಈ ಸಲ ಬಾವಿ ಬಂದ್ರೆ ನಿಲ್ಲಿಸಿ."

"ನಿನಗೆ ತಲೆ ಕೆಟ್ಟಿದೆಯಾ? ನಿಲ್ಲಿಸಿದ್ರೆ ಮುಗೀತು."

"ನಿಲ್ಲಿಸದಿದ್ರೆ ಮುಗಿಯೋದೇ ಇಲ್ಲ. ನಿಲ್ಲಿಸಿ."

"ಇಲ್ಲ."

ಕಿರ್ರ್... ಕಿರ್ರ್...

ಮರ ಕಂಡಿತು. ಭಾವ ಇನ್ನೂ ಜೋರು ಮಾಡಿದರು. ಅಕ್ಕ ಹಿಂದೆ ಮುಂದೆ ನೋಡದೆ ಕಾಲಡಿಯ ಬ್ರೇಕನ್ನು ಎರಡೂ ಕಾಲಿಂದ ತುಳಿದಳು. ಕೀಈಈ ಎಂದು ಜಾರಿಕೊಂಡು ಹೋಗಿ ಕಾರು ನಿಂತದ್ದು ಬಾವಿಯ ಕಟ್ಟೆಗೆ ಸರಿಯಾಗಿ. ಎಂಜಿನ್ ಆರಿತು.

ಟಕ್.

ಅಕ್ಕ ಬಾಗಿಲು ತೆಗೆಯುವಷ್ಟರಲ್ಲಿ ಮಗು ಹಿಂದಿನ ಬಾಗಿಲಿಂದ ಇಳಿದು ಓಡಿಬಿಟ್ಟಿತ್ತು. ನೇರವಾಗಿ ಆ ಮನೆಯೊಳಕ್ಕೆ.

"ಅಮ್ಮ, ಇಲ್ಲಿ ನೋಡು, ನನ್ನ ಹಾಸಿಗೆ!"

ಮೂರು ಹಾಸಿಗೆ ಹಾಸಿತ್ತು. ಒಂದು ಚಿಕ್ಕದು, ಅದರ ಮೇಲೆ ಹೂವಿನ ಹೊದಿಕೆ. ಅಕ್ಕ ಹೊಸ್ತಿಲು ದಾಟಲಿಲ್ಲ. ಮಗುವಿನ ತೋಳು ಹಿಡಿದು ಎಳೆದುಕೊಂಡಳು. ಎಳೆಯುವಾಗ ಮಗುವಿನ ಬೆನ್ನು ಬಾಗಿಲ ಚೌಕಟ್ಟಿಗೆ ತಾಗಿತು. ಚೌಕಟ್ಟಿನ ಮೇಲೆ ಪೆನ್ಸಿಲಿನ ಗೀಟುಗಳಿದ್ದವು. ಮಕ್ಕಳನ್ನು ನಿಲ್ಲಿಸಿ, ನೆತ್ತಿಯ ಮೇಲೆ ಅಳತೆ ಇಟ್ಟು ಗೀಟು ಎಳೆಯುತ್ತೇವಲ್ಲ, ವರ್ಷಕ್ಕೊಂದು... ಹಾಗೆ. ಎಲ್ಲಕ್ಕಿಂತ ಕೆಳಗಿನ ಗೀಟು ಮಗುವಿನ ನೆತ್ತಿಗೆ ಸರಿಯಾಗಿ ಕೂತಿತು.

ಅದರ ಮೇಲೆ ಇನ್ನೂ ಹದಿಮೂರು ಗೀಟುಗಳಿದ್ದವು. ಕೊನೆಯದು ಅಕ್ಕನ ಎತ್ತರಕ್ಕಿತ್ತು.

ಅಕ್ಕ ಮಗುವನ್ನು ಬಾಚಿ ಎತ್ತಿಕೊಂಡಳು. ಮುದುಕಿ ಈಗ ಇವರ ಕಡೆ ತಿರುಗಿ ನಿಂತಿದ್ದಳು. ಮುಖ ಹೇಗಿತ್ತು ಎಂದು ನಾನು ಕೇಳಿದೆ. "ಮಾಮೂಲಿ ಮುಖ ಕಣೇ. ಅಂಗಡೀಲಿ, ಬಸ್ಸಲ್ಲಿ ಕಾಣೋ ಅಂಥದ್ದೇ. ಅದಕ್ಕೇ ಭಯ ಆಗಿದ್ದು" ಎಂದಳು.

"ಮಾತಿಗೆ ತಪ್ಪಲಿಲ್ಲ ನೀವು" ಎಂದಳು ಮುದುಕಿ. "ಬರ್ತೀವಿ ಅಂದೋರು ಎಷ್ಟೋ ಜನ. ಬಂದೋರು ನೀವೇ. ಒಳಗೆ ಬನ್ನಿ."

"ಅಜ್ಜಿ... ತಪ್ಪಾಗಿ ಅಂದ್ವಿ."

"ಹಾಗಾದ್ರೆ ಸರಿಯಾಗಿ ಅನ್ನಿ."

ಸರಿಯಾದ ಮಾತು ಯಾವುದು ಎಂದು ಅಕ್ಕನಿಗೆ ಗೊತ್ತಿತ್ತು. ಆದರೆ ಬಾಯಿ ಏಳಲಿಲ್ಲ. ಏಳು ವರ್ಷದವಳಿದ್ದಾಗ ಒಂದು ದಿನ ಬಾಯಿ ತಪ್ಪಿ "ಹೋಗ್ತೀನಮ್ಮ" ಅಂದದ್ದಕ್ಕೆ ನಮ್ಮ ದೊಡ್ಡಮ್ಮ ಅವಳನ್ನು ಅರ್ಧ ದಾರಿಯಿಂದ ಕೂಗಿ ಕರೆದು, ಒಂದು ಗಳಿಗೆ ಕೂರಿಸಿ, ಬರ್ತೀನಿ ಅನ್ನಿಸಿಯೇ ಕಳಿಸಿದ್ದರು. ಅಷ್ಟು ಆಳಕ್ಕೆ ಇಳಿದ ಮಾತು. ಸತ್ತವರು ಮಾತ್ರ ಹೋಗುವುದು ಎಂದು ಕಲಿತ ನಾಲಿಗೆ.

ಭಾವ ಕಾರಿನಿಂದ ಇಳಿದರು. ಅವರೇ ಮೊದಲು ಅಂದರು.

"ಹೋಗ್ತೀನಿ."

"ಒಂದು" ಎಂದಳು ಮುದುಕಿ.

ಅಕ್ಕ ಕಣ್ಣು ಮುಚ್ಚಿಕೊಂಡಳು. "ಹೋ... ಹೋಗ್ತೀನಿ."

"ಎರಡು."

ಅಷ್ಟೇ. ಮುದುಕಿ ಮಗುವನ್ನೇ ನೋಡುತ್ತಾ ನಿಂತಳು.

"ಚಿನ್ನ, ನೀನೂ ಹೋಗ್ತೀನಿ ಅನ್ನು" ಎಂದರು ಭಾವ.

"ಹೇಳಿಕೊಟ್ಟ ಮಾತು ನಡೆಯಲ್ಲ" ಎಂದಳು ಮುದುಕಿ. "ಅದರ ಬಾಯಿಂದ ಅದೇ ಬರಬೇಕು."

ರೇಡಿಯೋ ಇಬ್ಬರ ಮುಖವನ್ನೂ ನೋಡಿತು. "ಹಾಗನ್ನಬಾರದು ಅಪ್ಪ. ಹಾಗಂದ್ರೆ ಬಾಯಿಗೆ ಏಟು ಹಾಕ್ತೀನಿ ಅಂತ ಅಮ್ಮ ಹೇಳಿದ್ದಾಳೆ." ಆಮೇಲೆ ಜಾಣ ಮಗುವಿನ ಹಾಗೆ, ತಿದ್ದುವ ಹಾಗೆ, "ಬರ್ತೀನಿ ಅನ್ನಬೇಕು" ಎಂದಿತು.

ಬಾವಿಯೊಳಗೆ ನೀರು ಒಮ್ಮೆ ಗುಳುಕ್ ಎಂದಿತು.

ಮುದುಕಿ ಕೈ ಚಾಚಿದಳು. "ನಿದ್ದೆ ಬಂದಿದೆ ಮಗೂಗೆ. ಕೊಡಿ."

ನಿಜವಾಗಿಯೂ ಅದಕ್ಕೆ ನಿದ್ದೆ ಬಂದಿತ್ತು. ತಲೆ ಅಕ್ಕನ ಹೆಗಲ ಮೇಲೆ ವಾಲುತ್ತಿತ್ತು. ಕಣ್ಣು ಆ ಚಿಕ್ಕ ಹಾಸಿಗೆಯ ಮೇಲಿತ್ತು. ಭಾವ ಅಳುತ್ತಿದ್ದರು, ಸದ್ದಿಲ್ಲದೆ. ಮಲಗಿಬಿಟ್ಟರೆ ಮಾತು ಎಲ್ಲಿಂದ ಬರಬೇಕು?

ಆಗ ಅಕ್ಕ ಒಂದು ಕೆಲಸ ಮಾಡಿದಳು. ನಾನಾಗಿದ್ದರೆ ಮಾಡುತ್ತಿದ್ದೆನೋ ಇಲ್ಲವೋ. ಮಗುವನ್ನು ಹೊಸ್ತಿಲ ಮುಂದೆ ಕೆಳಗಿಳಿಸಿದಳು.

"ನಿದ್ದೆ ಬಂತಾ ಕಂದ? ಮಲಗ್ತೀಯಾ?"

"ಹ್ಞೂಂ."

"ಮಲಗು ಹಾಗಾದ್ರೆ."

"ಏಯ್!" ಎಂದರು ಭಾವ. ಅಕ್ಕ ಅವರ ಕಡೆ ನೋಡಲಿಲ್ಲ.

ಮಗು ಒಂದು ಕಾಲು ಹೊಸ್ತಿಲ ಮೇಲಿಟ್ಟಿತು. ಅಕ್ಕ, ಅಂಗಡಿಯಲ್ಲಿ ಅಂಗಿಯ ಗುಂಡಿ ಖಾಲಿಯಾಗಿದೆ ಅನ್ನುವಷ್ಟೇ ಸಹಜವಾಗಿ ಅಂದಳು:

"ನಿನ್ನ ದಿಂಬು ಒಂದಿಲ್ಲ, ಅಷ್ಟೇ."

ಕಾಲು ನಿಂತಿತು.

ಆ ದಿಂಬು ನಿಮಗೆ ಗೊತ್ತಿಲ್ಲ. ಅಕ್ಕನ ಹೊಲಿಗೆಯ ಚೂರುಬಟ್ಟೆ ತುಂಬಿಸಿದ್ದು, ಗಂಟುಗಂಟು. ಅದಿಲ್ಲದೆ ಒಂದು ರಾತ್ರಿ ನಮ್ಮ ಮನೆಯಲ್ಲಿ ಉಳಿದದ್ದಕ್ಕೆ ಬೆಳಗಾಗುವವರೆಗೆ ಬೀದಿಗೆಲ್ಲ ಜಾಗರಣೆ ಮಾಡಿಸಿತ್ತು.

"ನನ್ನ ದಿಂಬು ಎಲ್ಲಿ?"

"ಮಂಚದ ಮೇಲೆ ಇಟ್ಟು ಬಂದ್ವಲ್ಲ."

ತುಟಿ ಸೊಟ್ಟಗಾಯಿತು. "ನನಗೆ ನನ್ನ ದಿಂಬೇ ಬೇಕು. ನಾನು ಮನೆಗೆ ಹೋಗ್ತೀನಿ."

ಮುದುಕಿ ಚಾಚಿದ್ದ ಕೈ ಹಿಂದಕ್ಕೆಳೆದು ಬಾವಿಯ ಹಗ್ಗ ಹಿಡಿದಳು.

"ಮನೆ ಇದೇ ಅಲ್ವಾ ಪುಟ್ಟ?" ಎಂದಳು ಮುದುಕಿ. ತುಂಬ ಮೆತ್ತಗೆ.

ರೇಡಿಯೋಗೆ ಸಿಟ್ಟು ಬಂತು. ನಿದ್ದೆಗೆಟ್ಟ ಮಗುವಿನ ಸಿಟ್ಟು. "ಇದು ನಿಮ್ಮನೆ! ನಮ್ಮನೆ ಬೇರೆ! ನಾನು ನಮ್ಮನೆಗೆ ಹೋಗ್ತೀನಿ, ಹೋಗ್ತೀನಿ, ಹೋಗ್ತೀನಿ!"

ಹಗ್ಗ ಬಿಟ್ಟ ಸದ್ದು ಕೇಳಿತು. ಸರ್ರ್ರ್... ರಾಟೆ ಗಿರ್ರನೆ ತಿರುಗಿತು... ತುಂಬ ಹೊತ್ತು ತಿರುಗಿತು... ಎಷ್ಟೋ ಆಳದಲ್ಲಿ ದುಡುಂ.

"ಮೂರು."

ಅಕ್ಕ ಮಗುವನ್ನು ಎತ್ತಿಕೊಂಡು ಕಾರಿಗೆ ಹಾರಿದಳು. ಭಾವ ಕೀಲಿ ತಿರುಗಿಸಿದರು. ಗೇರು ಹಾಕುವಾಗ ಅಕ್ಕ ಒಮ್ಮೆ ಆ ಕಡೆ ನೋಡಿದಳು. ಮುದುಕಿ ಒಳಗೆ ಹೋಗಿ ಚಿಕ್ಕ ಹಾಸಿಗೆಯನ್ನು ಮಡಿಸುತ್ತಿದ್ದಳಂತೆ. ಅಂಚಿಗೆ ಅಂಚು ಕೂಡಿಸಿ, ನಿಧಾನವಾಗಿ. "ಅದನ್ನ ನೋಡಿ ನನಗೆ ಅಳು ಬಂತು ಕಣೇ" ಎಂದಳು ಅಕ್ಕ. "ಯಾಕೆ ಅಂತ ಕೇಳಬೇಡ."

ಹನ್ನೆರಡು ನಿಮಿಷಕ್ಕೆ ಪೆಟ್ರೋಲ್ ಬಂಕಿನ ದೀಪ ಕಂಡಿತು. ಬಂಕಿನ ಹುಡುಗಿ ಕಣ್ಣುಜ್ಜಿಕೊಂಡು ಬಂದು, "ಎಷ್ಟು ಹಾಕ್ಲಿ?" ಎಂದಾಗ ಭಾವ ಪರ್ಸನ್ನೇ ಅವಳ ಕೈಗಿಟ್ಟರು. ಮಗು ಹಿಂದೆ ಗೊರಕೆ ಹೊಡೆಯುತ್ತಿತ್ತು. ಮನೆ ಸೇರಿ, ಅದರ ತಲೆಯಡಿ ಆ ಗಂಟುಗಂಟು ದಿಂಬು ಇಟ್ಟು, ಗಂಡ ಹೆಂಡತಿ ಬೆಳಗಿನವರೆಗೆ ಅದರ ಎರಡೂ ಪಕ್ಕ ಕೂತೇ ಇದ್ದರು.

ಸೋಮವಾರ ಭಾವ ಎಂದಿನಂತೆ ಸ್ಕೂಲಿಗೆ ಕಾರು ತೆಗೆದುಕೊಂಡು ಹೋದರು. ಕಲಿಯಲು ಬಂದ ಮೊದಲ ಹೆಂಗಸು ಬ್ರೇಕು ಒತ್ತಿದ್ದೇ ಕಾರು ಒಣ ರಸ್ತೆಯಲ್ಲಿ ಸೋಪಿನ ಮೇಲೆ ಜಾರಿದ ಹಾಗೆ ಜಾರಿತು. ಇಳಿದು ನೋಡಿದ ಭಾವ ಅಲ್ಲಿಂದ ಸೀದಾ ಟೈರಿನ ಅಂಗಡಿಗೆ ಹೋದರು.

ನಾಲ್ಕೂ ಟೈರನ್ನು ಶನಿವಾರ ಅದೇ ಅಂಗಡಿಯವನೇ ಹೊಸದು ಹಾಕಿಕೊಟ್ಟಿದ್ದ. ಅವನು ಕೂತು, ಟೈರಿನ ಮೇಲೆ ಅಂಗೈ ಆಡಿಸಿ, ಭಾವನ ಮುಖ ನೋಡಿದ.

"ಮೇಷ್ಟ್ರೇ, ತಮಾಷೆ ಮಾಡ್ತೀರಾ? ಇದು ಐವತ್ತು ಸಾವಿರ ಕಿಲೋಮೀಟರ್ ಓಡಿರೋ ಟೈರು. ಒಳಗಿನ ತಂತಿ ಕಾಣ್ತಿದೆ."

ಟೈರಿನ ಪಕ್ಕೆಯ ಮೇಲೆ ಅವನೇ ಸೀಮೆಸುಣ್ಣದಲ್ಲಿ ಬರೆದ ಶನಿವಾರದ ತಾರೀಖು ಇನ್ನೂ ಅಳಿಸಿರಲಿಲ್ಲ. ಕಾರಿನ ಮೀಟರು ಭಾನುವಾರ ಓಡಿದ್ದು ಮುನ್ನೂರ ಹದಿನೆಂಟು ಕಿಲೋಮೀಟರ್ ಅನ್ನುತ್ತಿತ್ತು.

ಸುಳ್ಳು ಅನ್ನುವವರು ಅಕ್ಕನ ಮನೆಯ ಹಿತ್ತಲಿಗೆ ಹೋಗಿ ನೋಡಿ ಬಂದು ಅನ್ನಲಿ. ನಾಲ್ಕೂ ಅಲ್ಲೇ ಗೋಡೆಗೆ ಒರಗಿವೆ. ನಾನು ಕೈಯಾರೆ ಮುಟ್ಟಿ ನೋಡಿದ್ದೇನೆ, ಬೋಳು. ಆ ಊರಿಗೆ ತಿರುಗಿ ಬಂದದ್ದು ಎಷ್ಟು ಸಲ ಎಂದು ಕೇಳಿದರೆ ಅಕ್ಕ ಇವತ್ತಿಗೂ ಬೆರಳು ಮಡಿಸಿ ಲೆಕ್ಕ ಹೇಳುತ್ತಾಳೆ.

ಮೂರೇ ಸಲ.